ಡ್ರಾಯಿಂಗ್ ಪಿರಿಯಡ್ ಯಾರಪ್ಪನ ಆಸ್ತಿ?

ದಸರಾ ರಜೆ ಮುಗಿದು ಶಾಲೆ ಬಾಗಿಲು ತೆರೆದದ್ದೇ ತಡ, ಹೈಸ್ಕೂಲುಗಳ ಸ್ಟಾಫ್‌ರೂಮಿನಲ್ಲಿ ಒಂದು ಮಾತು ಓಡಾಡತೊಡಗುತ್ತದೆ: ‘ಡ್ರಾಯಿಂಗ್ ಪಿರಿಯಡ್ ತಾನೆ, ನಾನು ತಗೊಳ್ತೀನಿ ಬಿಡ್ರಿ.’ ಗಣಿತದವರು ಕೇಳುತ್ತಾರೆ, ವಿಜ್ಞಾನದವರು ಕೇಳುತ್ತಾರೆ, ಇಂಗ್ಲಿಷಿನವರು ಕೇಳುತ್ತಾರೆ. ಕೊಡುವವರಿಗೆ ಸಂಕೋಚವಿಲ್ಲ, ತೆಗೆದುಕೊಂಡವರಿಗೆ ಋಣವಿಲ್ಲ. ಸಮಾಜ ವಿಜ್ಞಾನದ ಪಿರಿಯಡ್ಡನ್ನು ಯಾರಾದರೂ ಹೀಗೆ ಎತ್ತಿಕೊಂಡು ಹೋಗಿದ್ದರೆ ಹೆಡ್‌ಮಾಸ್ಟರ ಕೋಣೆಯಲ್ಲಿ ಪಂಚಾಯ್ತಿ ಕೂಡುತ್ತಿತ್ತು. ಚಿತ್ರಕಲೆಯದು ಹೋದರೆ ಕೇಳುವವರಿಲ್ಲ, ಏಕೆಂದರೆ ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಅದರ ಪಾಲು ಸೊನ್ನೆ. ಪೋಷಕರಿಂದ ಹಿಡಿದು ಫಲಿತಾಂಶ ಪರಿಶೀಲನೆಯ ಸಭೆಗಳಲ್ಲಿ ಕೂರುವ ಅಧಿಕಾರಿಗಳವರೆಗೆ ಎಲ್ಲರೂ ತಲೆದಿಂಬಿನಂತೆ ಒರಗಿಕೊಂಡಿರುವ ನಂಬಿಕೆ ಒಂದೇ: ಚಿತ್ರ ಬರೆಯುವುದು ಹವ್ಯಾಸ, ಅದು ಕೈಯಲ್ಲಿ ಕಲೆ ಇದ್ದವರಿಗೆ ಮಾತ್ರ, ರಿಸಲ್ಟು ಸುಧಾರಿಸಿದ ಮೇಲೆ ನೋಡಿಕೊಳ್ಳೋಣ. ಇದು ಬರೀ ತಪ್ಪು ತಿಳಿವಳಿಕೆ ಆಗಿದ್ದರೆ ಸುಮ್ಮನಿರಬಹುದಿತ್ತು. ಇದು ಕಳ್ಳತನ. ಕಳಕೊಳ್ಳುತ್ತಿರುವವರು ಸರ್ಕಾರಿ ಶಾಲೆಯ ಮಕ್ಕಳು, ಅದರಲ್ಲೂ ಹಂಪಿಯ ಸುತ್ತಮುತ್ತಲಿನ, ಗಣಿ ಸೀಮೆಯ, ಹೊಳೆದಂಡೆಯ ಮಕ್ಕಳು.

ಬರಹಕ್ಕೂ ಚಿತ್ರಕ್ಕೂ ನಾವು ಹಾಕಿರುವ ಈ ಗೋಡೆ ಕನ್ನಡ ಭಾಷೆಗೇ ಗೊತ್ತಿಲ್ಲ. ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಕ್ರಿಯಾಪದ ಒಂದೇ. ಸೀಮೆಸುಣ್ಣ ಹಿಡಿದ ಕೂಸಿಗೆ ‘ಅ’ ಎಂಬುದೂ ಒಂದು ಆಕಾರ, ಆನೆ ಎಂಬುದೂ ಒಂದು ಆಕಾರ. ತಮ್ಮ ಅಕ್ಷರ ಕೆಟ್ಟದಾಗಿದೆ ಎಂದು ಜೀವಮಾನವಿಡೀ ನಾಚಿಕೊಂಡಿದ್ದ ಗಾಂಧೀಜಿ ಆತ್ಮಕಥೆಯಲ್ಲಿ ಬರೆದುಕೊಂಡಿರುವುದೂ ಇದನ್ನೇ: ಮಕ್ಕಳಿಗೆ ಮೊದಲು ಚಿತ್ರ ಬರೆಯುವುದನ್ನು ಕಲಿಸಬೇಕು, ಅಕ್ಷರ ಆಮೇಲೆ. ನಾವು ಅಂಗನವಾಡಿಯಲ್ಲಿ ಇಷ್ಟಿಷ್ಟು ಬಣ್ಣ ಹಚ್ಚಿಸಿ, ಪ್ರೈಮರಿಯಲ್ಲಿ ಕಡಿಮೆ ಮಾಡಿ, ಹೈಸ್ಕೂಲಿಗೆ ಬರುವಷ್ಟರಲ್ಲಿ ಕೈಯಿಂದ ಪೂರ್ತಿ ಕಸಿದುಕೊಳ್ಳುತ್ತೇವೆ. ಯಾವ ವಯಸ್ಸಿನಲ್ಲಿ ಮಗು ಕಂಡದ್ದನ್ನು ಕಂಡಂತೆ ಬರೆಯಲು ಹಂಬಲಿಸಿ, ಆಗದೆ ಚಡಪಡಿಸುತ್ತದೋ, ಅಂದರೆ ನಿಜವಾಗಿ ಕಲಿಸಬೇಕಾದ ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ, ಸರಿಯಾಗಿ ಆಗಲೇ ಕೈಬಿಡುತ್ತೇವೆ. ಎಂಟನೇ ತರಗತಿಯಲ್ಲಿ ಬೀಜಗಣಿತ ಕಷ್ಟವಾಯಿತೆಂದು ಗಣಿತವನ್ನು ಕೈಬಿಡುತ್ತೇವೆಯೇ?

ಪಿರಿಯಡ್ಡು ಕಿತ್ತುಕೊಂಡು ಅದರಲ್ಲಿ ಏನು ಮಾಡುತ್ತಾರೆ ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು. ಎಸ್ಸೆಸ್ಸೆಲ್ಸಿ ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ಚಿತ್ರದ ಪ್ರಶ್ನೆಗಳು ಖಾಯಂ ಗಿರಾಕಿಗಳು. ಹೂವಿನ ನೀಳಛೇದ ನೋಟ, ಮಾನವನ ಹೃದಯ, ಮಿದುಳು: ‘ಚಿತ್ರ ಬರೆದು ಭಾಗಗಳನ್ನು ಗುರುತಿಸಿ’. ಗಣಿತದಲ್ಲಿ ನಕ್ಷೆ ಇದೆ. ಸಮಾಜ ವಿಜ್ಞಾನದಲ್ಲಿ ಭಾರತದ ಭೂಪಟ ಬರೆದು ಸ್ಥಳ ಗುರುತಿಸಬೇಕು. ಕಲಿಕೆಯಲ್ಲಿ ಹಿಂದಿರುವವರಿಗೆಂದು ತಯಾರಾಗುವ ‘ಪಾಸಿಂಗ್ ಪ್ಯಾಕೇಜು’ಗಳ ಬೆನ್ನೆಲುಬೇ ಈ ಚಿತ್ರಗಳು. ಅಂದರೆ ಡ್ರಾಯಿಂಗ್ ಪಿರಿಯಡ್ಡನ್ನು ಕಸಿದುಕೊಂಡ ವಿಜ್ಞಾನದ ಮೇಷ್ಟ್ರು ಅದರಲ್ಲಿ ಮಾಡಿಸುವುದು ಡ್ರಾಯಿಂಗೇ! ಆದರೆ ಎಂಥ ಡ್ರಾಯಿಂಗ್? ಹೃದಯವನ್ನು ಇಪ್ಪತ್ತು ಸಲ ಬರೆಯಿಸುತ್ತಾರೆ, ಆಕಾರ ಬಾಯಿಪಾಠ ಆಗುವವರೆಗೆ. ಎಡ ಯಾವುದು ಬಲ ಯಾವುದು, ಗೋಡೆ ಒಂದು ಕಡೆ ಯಾಕೆ ದಪ್ಪ, ಸೀಳಿ ನೋಡಿದರೆ ಮಾತ್ರ ಕಾಣುವುದನ್ನು ಕಾಗದದ ಮೇಲೆ ಹೇಗೆ ತೋರಿಸುತ್ತಾರೆ ಎಂಬುದು ಮಗುವಿಗೆ ತಿಳಿಯದು. ಶಾಲೆಯ ಬೇಲಿಯ ಮೇಲೆ ದಾಸವಾಳ ಅರಳಿರುತ್ತದೆ. ಅದನ್ನು ಬ್ಲೇಡಿನಿಂದ ಸೀಳಿ, ಎದುರಿಗಿಟ್ಟುಕೊಂಡು, ಕೇಸರದ ಕೊಳವೆ ಶಲಾಕೆಯನ್ನು ಹೇಗೆ ಸುತ್ತಿಕೊಂಡಿದೆ ಎಂದು ನೋಡಿ ಒಮ್ಮೆ ಬರೆದ ಮಗು ಅದನ್ನು ಮರೆಯುವುದಿಲ್ಲ. ಗೈಡಿನ ಹೂವನ್ನು ಇಪ್ಪತ್ತು ಸಲ ನಕಲು ಮಾಡಿದ ಮಗು ಪರೀಕ್ಷೆಯ ಮರುದಿನ ಮರೆಯುತ್ತದೆ. ನೋಡಿ ಬರೆಯುವುದನ್ನು ಕಲಿಸಲೆಂದೇ ಇದ್ದ ಒಂದು ಗಂಟೆಯನ್ನು ನೋಡದೆ ಬರೆಯುವುದಕ್ಕೆ ಖರ್ಚು ಮಾಡಿ, ಇದನ್ನು ಫಲಿತಾಂಶ ಸುಧಾರಣೆ ಎನ್ನುತ್ತೇವೆ.

ನೋಡುವುದು ಬೇರೆ, ಕಾಣುವುದು ಬೇರೆ. ಕಾಣಲಿಕ್ಕೆ ತರಬೇತಿ ಬೇಕು. ಇದಕ್ಕೆ ವಿಜ್ಞಾನದ ಚರಿತ್ರೆಯಲ್ಲೇ ಸಾಕ್ಷಿ ಇದೆ. 1609ರ ಜುಲೈನಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದ. ಗಣಿತದಲ್ಲಿ ಅವನು ಸಾಮಾನ್ಯನಲ್ಲ. ಆದರೆ ಅವನ ಚಿತ್ರದಲ್ಲಿ ಇರುವುದು ಒಂದು ಅಂಕುಡೊಂಕು ಗೆರೆ, ಒಂದಿಷ್ಟು ಕಲೆಗಳು. ಕೆಲವು ತಿಂಗಳ ನಂತರ ಇಟಲಿಯಲ್ಲಿ ಗೆಲಿಲಿಯೋ ಅದೇ ಚಂದ್ರನನ್ನು ನೋಡಿದ. ಬೆಳಕಿನ ಅಂಚಿನಾಚೆ ಕತ್ತಲಲ್ಲಿ ಹೊಳೆಯುವ ಚುಕ್ಕೆಗಳು ಬೆಟ್ಟದ ತುದಿಗಳು, ಕಪ್ಪು ಕಲೆಗಳು ಬೆಟ್ಟದ ನೆರಳುಗಳು ಎಂದು ಕಂಡುಕೊಂಡ. ಅವನು ಚಿತ್ರ ಬರೆಯುವುದನ್ನು ಕಲಿತವನು. ಉಬ್ಬಿದ ವಸ್ತುವಿನ ಮೇಲೆ ಬೆಳಕು ಓರೆಯಾಗಿ ಬಿದ್ದರೆ ನೆರಳು ಎತ್ತ ಬೀಳುತ್ತದೆ ಎಂಬುದು ಕೈಗೆ ಗೊತ್ತಿದ್ದವನು. 1613ರಲ್ಲಿ ಫ್ಲಾರೆನ್ಸಿನ ಚಿತ್ರಕಲಾ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಚಂದ್ರನ ಮೇಲೆ ಬೆಟ್ಟಗಳಿವೆ ಎಂಬ ಭೌತವಿಜ್ಞಾನದ ಶೋಧದಲ್ಲಿ ಡ್ರಾಯಿಂಗ್ ಕ್ಲಾಸಿಗೂ ಪಾಲಿದೆ ಎಂದ ಮೇಲೆ, ವಿಜ್ಞಾನಕ್ಕಾಗಿ ಚಿತ್ರಕಲೆಯನ್ನು ಬಲಿಕೊಡುತ್ತೇವೆ ಎನ್ನುವವರನ್ನು ಏನೆಂದು ಕರೆಯಬೇಕು?

ಇಟಲಿಯವರೆಗೆ ಹೋಗುವುದು ಬೇಡ ಎನ್ನುವವರು ಹೊಸಪೇಟೆಯಿಂದ ಹದಿಮೂರು ಕಿಲೋಮೀಟರು ಹೋದರೆ ಸಾಕು. ವಿರೂಪಾಕ್ಷ ದೇವಸ್ಥಾನದ ಹಿಂಬದಿಯ ಕತ್ತಲೆ ಕೋಣೆಯಲ್ಲಿ, ಸಣ್ಣ ಕಿಂಡಿಯಿಂದ ಬರುವ ಬೆಳಕು ರಾಜಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಪ್ರವಾಸಿಗರು ‘ಪವಾಡ’ ಎಂದು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗುತ್ತಾರೆ. ಕ್ಯಾಮೆರಾ ಕೆಲಸ ಮಾಡುವುದು ಹೀಗೆ, ಕಣ್ಣಿನ ಪರದೆಯ ಮೇಲೆ ಬಿಂಬ ತಲೆಕೆಳಗಾಗಿ ಬೀಳುವುದೂ ಹೀಗೆ, ಚಿತ್ರದಲ್ಲಿ ದೂರದ ವಸ್ತು ಸಣ್ಣದಾಗುವುದರ ಗುಟ್ಟೂ ಇದೇ. ಬೆಳಕಿನ ಪಾಠ, ಕಣ್ಣಿನ ಪಾಠ, ಪರಿಪ್ರೇಕ್ಷ್ಯದ ಪಾಠ ಮೂರೂ ಒಂದೇ ಗೋಡೆಯ ಮೇಲೆ ಬಿಟ್ಟಿ ಸಿಗುತ್ತವೆ. ಈ ಗೋಡೆಯ ಮುಂದೆ ಪೆನ್ಸಿಲು ಹಿಡಿದು ಕೂರಬೇಕಾದ ಮಕ್ಕಳನ್ನು ಶೈಕ್ಷಣಿಕ ಪ್ರವಾಸವೆಂದು ವರ್ಷಕ್ಕೊಮ್ಮೆ ಸಾಲಾಗಿ ನಡೆಸಿಕೊಂಡು ಹೋಗಿ, ಕಲ್ಲಿನ ರಥದ ಮುಂದೆ ಗ್ರೂಪ್ ಫೋಟೋ ತೆಗೆದು, ಚಿತ್ರಾನ್ನ ತಿನ್ನಿಸಿ ವಾಪಸು ಕರೆತರುತ್ತಾರೆ. ರಥವನ್ನಾದರೂ ನೋಡಿರುತ್ತಾರಾ? ಐವತ್ತು ರೂಪಾಯಿ ನೋಟಿನ ಹಿಂದೆ ಅದು ಇದೆ ಎಂದು ಎಲ್ಲರಿಗೂ ಗೊತ್ತು. ಅದರ ಚಕ್ರವನ್ನು ಕಣ್ಣು ಮುಚ್ಚಿ ನೆನಪಿನಿಂದ ಬರೆಯಬಲ್ಲವರು ಹೊಸಪೇಟೆಯಲ್ಲಿ ಎಷ್ಟು ಮಂದಿ?

ಇನ್ನೂ ಮುಂದೆ, ಮಹಾನವಮಿ ದಿಬ್ಬದ ಬಳಿಯ ಮೆಟ್ಟಿಲು ಪುಷ್ಕರಣಿ. 1980ರ ದಶಕದಲ್ಲಿ ಅಗೆದು ತೆಗೆದ ಈ ಕೊಳದ ಕಪ್ಪು ಕಲ್ಲುಗಳ ಮೇಲೆ ಗುರುತುಗಳಿವೆ: ಈ ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು, ಎಲ್ಲಿ ಕೂರಬೇಕು. ಕಲ್ಲನ್ನು ಬೇರೆಡೆ ಕೆತ್ತಿ, ಗುರುತು ಹಾಕಿ, ತಂದು ಜೋಡಿಸಿದ್ದಾರೆ. ಅಂದರೆ ಮೊದಲ ಕಲ್ಲು ಕೂರುವ ಮುನ್ನವೇ ಇಡೀ ಕೊಳ ಒಬ್ಬನ ಮನಸ್ಸಿನಲ್ಲೋ ನೆಲದ ಮೇಲೋ ಗೆರೆಗಳಾಗಿ ಇದ್ದಿರಲೇಬೇಕು. ನಾವೀಗ ವಿನ್ಯಾಸ ಎನ್ನುವುದು ಇದನ್ನೇ. ಚಿತ್ರಕಲೆ ಎಂದರೆ ಗೋಡೆಗೆ ತೂಗುಹಾಕುವ ಅಂದದ ವಸ್ತು ಎಂದುಕೊಂಡವರು ಆ ಕಲ್ಲಿನ ಮೇಲಿನ ಒಂದೊಂದು ಅಕ್ಷರವನ್ನೂ ನೋಡಬೇಕು. ಅದು ಕೆಲಸದ ಭಾಷೆ, ಕಲ್ಲುಕುಟಿಕನಿಗೂ ಮೇಸ್ತ್ರಿಗೂ ನಡುವಿನ ಮಾತುಕತೆ. ಆ ಭಾಷೆಯನ್ನು ಐನೂರು ವರ್ಷಗಳ ಹಿಂದೆ ಬಲ್ಲ ನೆಲದಲ್ಲಿ ಇವತ್ತಿನ ಹತ್ತನೇ ತರಗತಿಯ ಹುಡುಗನಿಗೆ ಒಂದು ಪೆಟ್ಟಿಗೆಯನ್ನು ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಬರೆಯಲು ಬಾರದು. ಅವನದೇನೂ ತಪ್ಪಿಲ್ಲ. ಹೇಳಿಕೊಟ್ಟವರು ಯಾರು?

ಹಂಪಿಯನ್ನು ಕಾಗದಕ್ಕೆ ಇಳಿಸಿದವರ ಹೆಸರುಗಳನ್ನು ಒಮ್ಮೆ ಓದಿಕೊಳ್ಳಿ. ಮೊದಲ ಸರ್ವೆ ನಕ್ಷೆ ತಯಾರಿಸಿದವನು ಕಾಲಿನ್ ಮೆಕೆಂಜಿ, 1799ರಲ್ಲಿ. 1856ರಲ್ಲಿ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಫೋಟೋ ಹಿಡಿದವನು ಅಲೆಕ್ಸಾಂಡರ್ ಗ್ರೀನ್‌ಲಾ. 1980ರಿಂದ ಮುಂದೆ ವರ್ಷವರ್ಷವೂ ಬಂದು ಬಿಡಾರ ಹೂಡಿ, ವಾಸ್ತುಶಿಲ್ಪ ವಿದ್ಯಾರ್ಥಿಗಳ ಕೈಯಲ್ಲಿ ಟೇಪು, ಪೆನ್ಸಿಲು ಕೊಟ್ಟು, ಮಂಟಪ ಮಂಟಪವನ್ನೂ ಅಳೆದು ಬರೆಯಿಸಿದವರು ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್. ಅವರಿಗೆ ನಾವು ಋಣಿಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ಶತಮಾನಗಳ ಈ ಉದ್ದದ ಪಟ್ಟಿಯಲ್ಲಿ ಕಮಲಾಪುರದ, ಕಡ್ಡಿರಾಂಪುರದ, ಆನೆಗೊಂದಿಯ ಮಕ್ಕಳ ಸ್ಥಾನ ಯಾವುದು? ಟೇಪಿನ ಇನ್ನೊಂದು ತುದಿ ಹಿಡಿದು ನಿಲ್ಲುವುದು. ವಿಶ್ವ ಪರಂಪರೆಯ ಪಟ್ಟಿಗೆ ಹಂಪಿ ಸೇರಿದ್ದು 1986ರಲ್ಲಿ. ಅಂದಿನಿಂದ ಎಷ್ಟು ಉತ್ಸವಗಳಾದವು, ಎಷ್ಟು ಲೇಸರ್ ಶೋಗಳಾದವು! ಕಮಲಾಪುರದ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಇಡೀ ಹಂಪಿಯ ಮಾದರಿ ಮಾಡಿಟ್ಟಿದ್ದಾರೆ, ಬೆಟ್ಟ, ಹೊಳೆ, ಗುಡಿ ಎಲ್ಲ ಸೇರಿ. ಅದಕ್ಕಿಂತ ಒಳ್ಳೆಯ ನಕ್ಷೆಯ ಪಾಠ ಬೇರೆಲ್ಲಿ ಸಿಗುತ್ತದೆ? ಸುತ್ತಲ ಹೈಸ್ಕೂಲುಗಳ ವೇಳಾಪಟ್ಟಿಯಲ್ಲಿ ಅದಕ್ಕೊಂದು ಖಾಯಂ ಜಾಗವಿಲ್ಲ.

ಇಷ್ಟು ಹೇಳಿದರೆ ಸಿದ್ಧ ಉತ್ತರವೊಂದು ಬರುತ್ತದೆ: ‘ಕಲೆ ಹುಟ್ಟಿನಿಂದ ಬರಬೇಕ್ರಿ, ಕಲಿಸಿದರೆ ಬರೋದಲ್ಲ.’ ಕೇಳಲು ಗೌರವದ ಮಾತಿನಂತಿದೆ. ಒಳಗಿರುವುದು ಮೈಗಳ್ಳತನ. ಗಣಿತದ ಪ್ರತಿಭೆಯೂ ಹುಟ್ಟಿನಿಂದ ಬರುತ್ತದೆ, ಎಲ್ಲರೂ ರಾಮಾನುಜನ್ ಆಗುವುದಿಲ್ಲ. ಹಾಗೆಂದು ಲೆಕ್ಕವನ್ನು ರಾಮಾನುಜನ್‌ಗಳಿಗಷ್ಟೇ ಕಲಿಸುತ್ತೇವೆಯೇ? ಪ್ರಮಾಣ ಅಳೆಯುವುದು, ಬೆಳಕು ನೆರಳು ಗುರುತಿಸುವುದು, ಎರಡು ವಸ್ತುಗಳ ನಡುವಿನ ಖಾಲಿ ಜಾಗದ ಆಕಾರ ಕಾಣುವುದು, ಬಣ್ಣಕ್ಕೆ ಬಣ್ಣ ಸೇರಿದರೆ ಏನಾಗುತ್ತದೆಂದು ತಿಳಿಯುವುದು, ಇವೆಲ್ಲ ಮಗ್ಗಿಯಷ್ಟೇ ಕಲಿಸಬಹುದಾದ ಸಂಗತಿಗಳು. ಈ ಹುಟ್ಟುಪ್ರತಿಭೆಯ ಮೂಢನಂಬಿಕೆಗೆ ಸರ್ಕಾರವೇ ಕಟ್ಟಿದ ಗುಡಿ ಪ್ರತಿಭಾ ಕಾರಂಜಿ. ವರ್ಷವಿಡೀ ಕಲಿಸದ ಚಿತ್ರಕಲೆ, ರಂಗೋಲಿ, ಮಣ್ಣಿನ ಮಾದರಿಗಳಿಗೆ ಒಂದು ದಿನ ಸ್ಪರ್ಧೆ ಇಟ್ಟು, ಮನೆಯಲ್ಲೇ ಹೇಗೋ ಕಲಿತು ಬಂದ ಒಂದು ಮಗುವಿಗೆ ಪ್ರಮಾಣಪತ್ರ ಕೊಟ್ಟು, ಉಳಿದ ತೊಂಬತ್ತೊಂಬತ್ತು ಮಕ್ಕಳಿಗೆ ‘ನಿನಗೆ ಕಲೆ ಇಲ್ಲ’ ಎಂಬ ಸರ್ಟಿಫಿಕೇಟು ಕೊಟ್ಟು ಕಳಿಸುವ ವ್ಯವಸ್ಥೆ ಅದು. ಬೀಜ ಬಿತ್ತದೆ ಕೊಯ್ಲಿನ ಹಬ್ಬ ಮಾಡುವವರನ್ನು ಕಂಪ್ಲಿಯ ಯಾವ ರೈತನಾದರೂ ಒಪ್ಪುತ್ತಾನೆಯೇ?

ಚಿತ್ರಕಲಾ ಶಿಕ್ಷಕರನ್ನು ನಾವು ಏನು ಮಾಡಿದ್ದೇವೆ ಎಂಬುದೂ ಈ ಲೆಕ್ಕದಲ್ಲಿ ಬರಬೇಕು. ಆಗಸ್ಟ್ 15ಕ್ಕೆ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದ ಬಾವುಟ, ಅತಿಥಿ ಬಂದರೆ ‘ಸುಸ್ವಾಗತ’, ವಾರ್ಷಿಕೋತ್ಸವಕ್ಕೆ ಥರ್ಮಾಕೋಲಿನ ಅಕ್ಷರ, ಸನ್ಮಾನ ಪತ್ರದಲ್ಲಿ ಹೆಸರು, ಚುನಾವಣೆ ಬಂದರೆ ಮತದಾನ ಜಾಗೃತಿಯ ರಂಗೋಲಿ. ನಿವೃತ್ತರಾದರೆ ಆ ಜಾಗ ಖಾಲಿ. ಅತಿಥಿ ಶಿಕ್ಷಕರ ಹಂಚಿಕೆಯಲ್ಲೂ ಚಿತ್ರಕಲೆ ಸಾಲಿನ ಕೊನೆಗೆ. ಆದರೆ ಇಲ್ಲೊಂದು ಕಹಿ ಮಾತು ಹೇಳಲೇಬೇಕು. ಪಿರಿಯಡ್ಡು ನಡೆದ ಕಡೆ ನಡೆಯುವುದಾದರೂ ಏನು? ಬೋರ್ಡಿನ ಮೇಲೆ ಎರಡು ತ್ರಿಕೋನದ ಹಸಿರು ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ದಡದಲ್ಲಿ ಹುಲ್ಲಿನ ಗುಡಿಸಲು, ಒಂದು ತೆಂಗಿನ ಮರ, ನಾಲ್ಕು ಹಕ್ಕಿಗಳೆಂಬ ನಾಲ್ಕು ಟಿಕ್ ಮಾರ್ಕು. ಸಂಡೂರಿನ ಮಗು ಕಿಟಕಿಯಾಚೆ ತಿರುಗಿದರೆ ಕಾಣುವುದು ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕೆಂಪು ಗುಡ್ಡ, ಲಾರಿ ಧೂಳು ಕೂತು ಕೆಂಪಾದ ಹೊಂಗೆ ಎಲೆ, ಮಳೆಗಾಲದಲ್ಲಿ ಮಾತ್ರ ಸರ್ರನೆ ಹಸಿರಾಗುವ ಇಳಿಜಾರು. ಹಂಪಿಯ ಮಗುವಿನ ಬೆಟ್ಟ ತ್ರಿಕೋನವೇ ಅಲ್ಲ, ಯಾರೋ ಅಟ್ಟಿ ಹಾಕಿಟ್ಟಂಥ ಉರುಟು ಬಂಡೆಗಳ ರಾಶಿ. ಆದರೂ ಇಬ್ಬರೂ ಬರೆಯುವುದು ಡ್ರಾಯಿಂಗ್ ಪುಸ್ತಕದ ಅದೇ ಹಸಿರು ತ್ರಿಕೋನ. ಕಣ್ಣೆದುರಿನ ಬೆಟ್ಟವನ್ನು ಬಿಟ್ಟು ಪುಸ್ತಕದ ಬೆಟ್ಟವನ್ನು ನಂಬಲು ಕಲಿಸುವುದಕ್ಕೆ ಶಿಕ್ಷಣ ಎಂದು ಹೆಸರಿಟ್ಟರೆ ಕುರುಡುತನಕ್ಕೆ ಏನೆನ್ನಬೇಕು? ಕದಿಯಲು ಇಷ್ಟು ಸುಲಭವಾದದ್ದಕ್ಕೆ ಇಷ್ಟು ಸವಕಲಾಗಿ ಕಲಿಸಿದ್ದೂ ಒಂದು ಕಾರಣ. ಹಾಗಾಗಿ ಪಿರಿಯಡ್ಡು ವಾಪಸು ಕೊಟ್ಟರೆ ಸಾಲದು, ತ್ರಿಕೋನದ ಗುಡ್ಡವನ್ನು ಬೋರ್ಡಿನಿಂದ ಒರೆಸಬೇಕು.

ಸಂಡೂರಿನ ಮಾತು ಬಂತು, ಲಂಬಾಣಿ ಕಸೂತಿಯನ್ನು ಬಿಟ್ಟು ಮುಂದೆ ಹೋಗಲಾಗದು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕು ದಶಕಕ್ಕೂ ಮೇಲಾಯಿತು. 2023ರ ಜುಲೈನಲ್ಲಿ ಜಿ20 ಸಭೆ ಹಂಪಿಯಲ್ಲಿ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಕಸೂತಿಯಲ್ಲಿ ಹದಿನಾಲ್ಕು ಬಗೆಯ ಹೊಲಿಗೆಗಳಿವೆ: ಕಿಲನ್, ವೇಲೆ, ಮಾಕಿ, ನಕ್ರಾ ಹೀಗೆ ಒಂದೊಂದಕ್ಕೂ ಹೆಸರು. ಕನ್ನಡಿಯ ಚೂರನ್ನು ನಡುವಿಟ್ಟು ಅದರ ಸುತ್ತ ಚೌಕದೊಳಗೆ ಚೌಕ, ತ್ರಿಕೋನಕ್ಕೆದುರು ತ್ರಿಕೋನ ಕೂರಿಸುತ್ತಾ ಬಟ್ಟೆಯ ದಾರಗಳನ್ನೇ ಎಣಿಸಿ ಅಳತೆ ಮಾಡುವ ಆ ತಾಯಿಗೆ ಸಮಮಿತಿ ಎಂಬ ಪದ ಗೊತ್ತಿಲ್ಲ, ಸಮಮಿತಿ ಗೊತ್ತಿದೆ. ಅವಳ ಮಗಳಿಗೆ ಶಾಲೆಯಲ್ಲಿ ಪದ ಗೊತ್ತು ಮಾಡಿಸುತ್ತಾರೆ, ಸಮಮಿತಿಯನ್ನು ಮರೆಸುತ್ತಾರೆ. ತಾಯಿಯ ಕೈಯಲ್ಲಿರುವುದೂ ವಿದ್ಯೆಯೇ, ಗಣಿತ ಪುಸ್ತಕದ ಅಧ್ಯಾಯವೊಂದು ಅವಳ ದುಪಟ್ಟಾದ ಅಂಚಿನಲ್ಲಿದೆ ಎಂದು ಆ ಹುಡುಗಿಗೆ ತೋರಿಸಬಹುದಾಗಿದ್ದ ಒಂದೇ ಜಾಗ ಚಿತ್ರಕಲೆಯ ತರಗತಿ. ತುಂಗಭದ್ರೆಯ ದಂಡೆಯಲ್ಲಿ ಬಿದಿರು ಸೀಳಿ ಹರಿಗೋಲು ಹೆಣೆಯುವವರ ಮಕ್ಕಳಿಗೂ ಇದೇ ಗತಿ. ಭಾರ ಹೊರಲು ಬುಟ್ಟಿಯ ತಳ ಎಷ್ಟು ಅಗಲ ಇರಬೇಕು, ಅಂಚು ಎಷ್ಟು ಬಾಗಬೇಕು ಎಂಬುದು ವಿನ್ಯಾಸದ ಪ್ರಶ್ನೆ. ‘ಅದನ್ನೆಲ್ಲ ಮನೆಯಲ್ಲೇ ಕಲಿತಾರೆ ಬಿಡ್ರಿ’ ಎನ್ನುವವರಿಗೆ ಒಂದು ಪ್ರಶ್ನೆ: ಮನೆಯಲ್ಲಿ ಕನ್ನಡವನ್ನೂ ಕಲಿಯುತ್ತಾರಲ್ಲ, ಅದಕ್ಕೆ ಯಾಕೆ 125 ಅಂಕ?

ಕೊನೆಯ ಕೋಟೆ ಹೊಟ್ಟೆಪಾಡಿನದು. ಚಿತ್ರ ಬರೆದರೆ ಅನ್ನ ಹುಟ್ಟುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳುವವರು ಬಡವರ ಪರವಾಗಿ ಕೇಳುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಸಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕನಸು ಕಾಣುತ್ತಾ ಐಟಿಐಗೆ ಸೇರುವ ಹುಡುಗ ಫಿಟ್ಟರ್ ಆಗಲಿ, ಟರ್ನರ್ ಆಗಲಿ, ಮೊದಲು ಎದುರಿಸುವುದು ಎಂಜಿನಿಯರಿಂಗ್ ಡ್ರಾಯಿಂಗನ್ನು. ಡಿಪ್ಲೊಮಾಕ್ಕೆ ಹೋದರೂ ಅದೇ. ನಕ್ಷೆ ಓದಲು ಬಾರದ ಫಿಟ್ಟರು ಜೀವಮಾನವಿಡೀ ಹೆಲ್ಪರನಾಗಿ ಉಳಿಯುತ್ತಾನೆ. ಆರ್ಕಿಟೆಕ್ಚರ್ ಓದಲು ನಾಟಾ, ಐಐಟಿಗಳ ಡಿಸೈನ್ ಕೋರ್ಸಿಗೆ ಯುಸೀಡ್, ಅಹಮದಾಬಾದಿನ ಎನ್ಐಡಿಗೆ, ಬೆಂಗಳೂರಿನ ನಿಫ್ಟಿಗೆ ಬೇರೆ ಬೇರೆ ಪ್ರವೇಶ ಪರೀಕ್ಷೆಗಳು. ಎಲ್ಲದರಲ್ಲೂ ಕೈಯಿಂದ ಬರೆದು ತೋರಿಸುವ, ಆಕಾರವನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವ ಪರೀಕ್ಷೆ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇದೆ. ಬೆಂಗಳೂರಿನ ಅನುಕೂಲಸ್ಥರು ಇದಕ್ಕೆ ಹಣ ಕೊಟ್ಟು ಕೋಚಿಂಗಿಗೆ ಸೇರಿಸುತ್ತಾರೆ. ಸಿಬಿಎಸ್‌ಇಯಲ್ಲಿ ಪೇಂಟಿಂಗ್, ಐಸಿಎಸ್‌ಇಯಲ್ಲಿ ಆರ್ಟ್ ಹತ್ತನೇ ತರಗತಿಯಲ್ಲಿ ಆರಿಸಿಕೊಳ್ಳಬಹುದಾದ, ಅಂಕಪಟ್ಟಿಯಲ್ಲಿ ಅಂಕ ಸಿಗುವ ವಿಷಯಗಳು. ಅದೇ ಕಂಪ್ಲಿಯ ಸರ್ಕಾರಿ ಹೈಸ್ಕೂಲಿನ ಹುಡುಗಿಗೆ ಇಂಥ ಪರೀಕ್ಷೆಗಳು ಇವೆ ಎಂದು ಹೇಳುವ ಮೇಷ್ಟ್ರೂ ಇಲ್ಲ. ಕಲ್ಯಾಣ ಕರ್ನಾಟಕದ ನಮ್ಮ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಬಂದು ದಶಕ ದಾಟಿತು. ಬಾಗಿಲು ತೆರೆದಿಟ್ಟು ಹೊಸ್ತಿಲವರೆಗಿನ ದಾರಿಯನ್ನೇ ಅಗೆದು ಹಾಕಿದರೆ ಮೀಸಲಾತಿ ಯಾರಿಗೆ? ಚಿತ್ರಕಲೆ ಉಳ್ಳವರ ಶೋಕಿ ಎನ್ನುತ್ತಾರಲ್ಲ, ಸರ್ಕಾರಿ ಶಾಲೆಯಿಂದ ಅದನ್ನು ತೆಗೆದು ಹಾಕಿ ಉಳ್ಳವರ ಶೋಕಿ ಮಾಡಿದವರು ನಾವೇ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೈಗಳಿಗೆ ಕೊರತೆಯಿಲ್ಲ. ವಿನ್ಯಾಸದ ಹಣ ಒಬ್ಬರಿಗೆ, ಹೊಲಿಗೆಯ ಕೂಲಿ ಇನ್ನೊಬ್ಬರಿಗೆ ಎಂಬ ಲೋಕದಲ್ಲಿ ನಮ್ಮ ಮಕ್ಕಳನ್ನು ಯಾವ ಕಡೆ ನಿಲ್ಲಿಸುತ್ತಿದ್ದೇವೆ ಎಂದು ಹೊಟ್ಟೆಪಾಡಿನ ವಕೀಲರು ಉತ್ತರಿಸಲಿ. ಇತ್ತ ಊರುಗಳ ಬೋರ್ಡು ಬರೆಯುವವರೂ ಹೋದರು, ಫ್ಲೆಕ್ಸು ಬಂತು. ಒತ್ತಕ್ಷರ ಕತ್ತರಿಸಿಹೋದ, ಅಕ್ಷರದ ಮೇಲೆ ಅಕ್ಷರ ಏರಿದ, ಹನ್ನೆರಡು ಮುಖಗಳ ನಡುವೆ ವಿಷಯವೇ ಕಾಣದ ಆ ಫ್ಲೆಕ್ಸುಗಳು ನಮ್ಮ ಚಿತ್ರಕಲಾ ಶಿಕ್ಷಣದ ನಿಜವಾದ ಅಂಕಪಟ್ಟಿ. (ಅದರಲ್ಲಿ ಯಾರೂ ಪಾಸಾಗಿಲ್ಲ.)

ಕಾಗದದ ಮೇಲೆ ಮಾತ್ರ ನಾವು ಬಹಳ ಮುಂದಿದ್ದೇವೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲಾ ಶಿಕ್ಷಣ ಕಡ್ಡಾಯವಾಗಬೇಕು ಎಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ, ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಗೆ ಅರೆಕಾಲಿಕ ಕಲಾ ಬೋಧಕ ಇರಬೇಕೆಂದು ಅನುಸೂಚಿಯಲ್ಲೇ ಬರೆಯಿತು. 2020ರ ನೀತಿ, ಪಠ್ಯ ಪಠ್ಯೇತರ ಎಂಬ ಕಟ್ಟುನಿಟ್ಟಿನ ಭೇದವೇ ಬೇಡ ಎಂದಿತು. ಇವುಗಳಿಗೆಲ್ಲ ತಲೆಯಾಡಿಸಿದ ವ್ಯವಸ್ಥೆ ಮಾಡುತ್ತಿರುವುದೇನು? ಪಾಠ ನಡೆಯದ ಕಡೆಯೂ ಕಲಾ ಶಿಕ್ಷಣದ ಕಾಲಮ್ಮಿನಲ್ಲಿ ‘ಎ’ ಗ್ರೇಡು ತುಂಬುವುದು. ನಡೆಸದ ತರಗತಿಗೆ, ನೋಡದ ಚಿತ್ರಕ್ಕೆ ಕೊಡುವ ಆ ಗ್ರೇಡು ಸರ್ಕಾರದ ಮುದ್ರೆಯಡಿಯಲ್ಲಿ ಹೇಳುವ ಸುಳ್ಳು. ಅಂಕ ಇಟ್ಟರೆ ಕಲೆಯ ಖುಷಿ ಸಾಯುತ್ತದೆ, ಚಿತ್ರಕ್ಕೆ ಅಂಕ ಕೊಡುವುದಾದರೂ ಹೇಗೆ ಎಂದು ಕೆಲವು ಕಲಾಪ್ರೇಮಿಗಳೇ ಅಡ್ಡ ನಿಲ್ಲುತ್ತಾರೆ. ಪಿರಿಯಡ್ಡೇ ಸತ್ತ ಮೇಲೆ ಖುಷಿಯ ಚಿಂತೆ ಯಾಕೆ? ಬ್ರಿಟನ್ನಿನ ಜಿಸಿಎಸ್‌ಇ ಪರೀಕ್ಷೆಯಲ್ಲಿ ಆರ್ಟ್ ಅಂಡ್ ಡಿಸೈನ್ ವಿಷಯಕ್ಕೆ ಶೇ 60 ಅಂಕ ವಿದ್ಯಾರ್ಥಿ ಕಾಲಕಾಲಕ್ಕೆ ಮಾಡಿಟ್ಟ ಕೆಲಸಕ್ಕೆ, ಶೇ 40 ಮಾತ್ರ ಕೊನೆಗೆ ಕೊಟ್ಟ ವಿಷಯದ ಮೇಲೆ ಮಾಡುವ ಕೆಲಸಕ್ಕೆ. ಕೊನೆಯ ಚಿತ್ರದ ಅಂದಕ್ಕಿಂತ ಅಲ್ಲಿಗೆ ಹೇಗೆ ಬಂದ ಎಂಬುದನ್ನು ಅಳೆಯುತ್ತಾರೆ. ಅಷ್ಟು ದೂರ ಬೇಡ, ಪಕ್ಕದ ಮಹಾರಾಷ್ಟ್ರದಲ್ಲಿ ಸರ್ಕಾರಿ ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಪಾಸಾದವರಿಗೆ ಹತ್ತನೇ ತರಗತಿಯಲ್ಲಿ ಹೆಚ್ಚುವರಿ ಅಂಕ ಸಿಗುತ್ತದೆ. ನಮ್ಮಲ್ಲೂ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗಳಿವೆ. ಪಾಸಾದವರಿಗೆ ಸಿಗುವುದು ಒಂದು ಕಾಗದ.

ಹಣವಿಲ್ಲ ಎಂಬ ಮಾತನ್ನು ಬೇರೆ ಯಾವ ಜಿಲ್ಲೆಯವರು ಬೇಕಾದರೂ ಹೇಳಲಿ, ಬಳ್ಳಾರಿ ವಿಜಯನಗರದವರು ಹೇಳಬಾರದು. ಗಣಿ ಬಾಧಿತ ಪ್ರದೇಶಗಳಿಗಾಗಿ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಅದರ ದೊಡ್ಡ ಪಾಲನ್ನು ಖರ್ಚು ಮಾಡಬೇಕಾದ ಆದ್ಯತೆಯ ವಲಯಗಳಲ್ಲಿ ಶಿಕ್ಷಣದ ಹೆಸರೂ ಇದೆ. ಗುಡ್ಡ ಅಗೆದು ಬಂದ ದುಡ್ಡಿನಲ್ಲಿ ಕಾಂಪೌಂಡು, ಕೊಠಡಿ, ಸ್ಮಾರ್ಟ್ ಬೋರ್ಡು ಕಟ್ಟಲು ಬರುತ್ತದೆ ಎಂದ ಮೇಲೆ ಹೈಸ್ಕೂಲಿಗೊಬ್ಬ ಚಿತ್ರಕಲಾ ಶಿಕ್ಷಕನ ಸಂಬಳ ಹುಟ್ಟುವುದಿಲ್ಲವೇ? ಆ ಗುಡ್ಡ ಹೇಗಿತ್ತು ಎಂದು ಬರೆದಿಡುವ ಕೈಯನ್ನಾದರೂ ಅದೇ ದುಡ್ಡು ತಯಾರು ಮಾಡಲಿ. ಶಿಕ್ಷಕರನ್ನು ಎಲ್ಲಿಂದ ತರುವುದು ಎಂದೂ ಕೇಳಬೇಕಾಗಿಲ್ಲ. ಹಂಪಿಯಲ್ಲೇ ಕನ್ನಡ ವಿಶ್ವವಿದ್ಯಾಲಯವಿದೆ, ದೃಶ್ಯಕಲೆಯನ್ನು ಕಲಿಸುತ್ತದೆ. ದಾವಣಗೆರೆಯಲ್ಲಿ ಹಳೆಯ ದೃಶ್ಯಕಲಾ ಕಾಲೇಜಿದೆ. ಅಲ್ಲಿ ಕಲಿತು ಬಂದವರಿಗೆ ಕೆಲಸ ಕೊಡುವ ಹುದ್ದೆಗಳನ್ನು ನಾವೇ ಒಣಗಿಸಿ, ಆಮೇಲೆ ಚಿತ್ರಕಲೆ ಓದಿದರೆ ಕೆಲಸ ಸಿಗಲ್ಲ ಎಂದು ನಾವೇ ಹೇಳುತ್ತೇವೆ.

ಆದ್ದರಿಂದ ಬೇಡಿಕೆಗಳನ್ನು ನೇರವಾಗಿ ಇಡಬೇಕು. ಎಸ್ಸೆಸ್ಸೆಲ್ಸಿಯಲ್ಲಿ ದೃಶ್ಯಕಲೆ ಮತ್ತು ವಿನ್ಯಾಸ, ಮಗು ಆರಿಸಿಕೊಳ್ಳಬಹುದಾದ ಅಂಕದ ವಿಷಯವಾಗಬೇಕು. ಮೂರು ವರ್ಷದ ಸ್ಕೆಚ್ ಪುಸ್ತಕಕ್ಕೇ ಹೆಚ್ಚು ಅಂಕ ಇರಬೇಕು. ಆರಿಸಿಕೊಳ್ಳದವರಿಗೂ ವಾರಕ್ಕೆ ಎರಡು ಪಿರಿಯಡ್ಡು, ಹತ್ತನೇ ತರಗತಿಯಲ್ಲೂ, ಮಾರ್ಚ್‌ವರೆಗೂ. ಕಲಿಸದೆ ಗ್ರೇಡು ತುಂಬುವುದು ನಿಲ್ಲಬೇಕು. ಶಿಕ್ಷಕರಿಲ್ಲದ ಶಾಲೆಯ ಅಂಕಪಟ್ಟಿಯಲ್ಲಿ ಆ ಕಾಲಮ್ಮು ಖಾಲಿಯಾಗಿಯೇ ಬರಲಿ, ಬೆತ್ತಲೆ ನಿಂತವರು ಯಾರು ಎಂದು ಊರಿಗೆ ಕಾಣಲಿ. ಹಂಪಿ, ಕಮಲಾಪುರ, ಸಂಡೂರು, ಕಂಪ್ಲಿಯ ಶಾಲೆಗಳಿಗೆ ಪುಷ್ಕರಣಿಯ ಕಲ್ಲು, ತಾಂಡಾದ ಕಸೂತಿ, ಹೊಳೆಯ ಹರಿಗೋಲೇ ಪಠ್ಯವಾಗಬೇಕು. ಸರ್ಕಾರ ಇದನ್ನೆಲ್ಲ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ಜೂನಿನಲ್ಲಿ ಶಾಲೆ ಶುರುವಾದಾಗ ವೇಳಾಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚುತ್ತಾರೆ. ಎಸ್‌ಡಿಎಂಸಿ ಸದಸ್ಯರೇ, ತಾಯಂದಿರೇ, ತಂದೆಯರೇ, ಈ ಸಲ ಅದರ ಮುಂದೆ ಒಂದು ನಿಮಿಷ ನಿಂತು ‘ಚಿತ್ರಕಲೆ’ ಎಂಬ ಚೌಕ ಎಲ್ಲಿದೆ ಎಂದು ಹುಡುಕಿ. ಮತ್ತೆ ದಸರಾ ರಜೆ ಮುಗಿದ ಮೇಲೆ ಹೋಗಿ, ಆ ಹೊತ್ತಿಗೆ ತರಗತಿಯೊಳಗೆ ಯಾರು ನಿಂತಿದ್ದಾರೆ, ಬೋರ್ಡಿನ ಮೇಲೆ ಏನಿದೆ ಎಂದು ಕಿಟಕಿಯಿಂದ ನೋಡಿ ಬನ್ನಿ.